ನೆಲದ ಮೇಲೆ ನಿಂತವರಿಗೆ ಕಾಲಂ ಇರಲಿಲ್ಲ

ಯಾದಗಿರಿ, ಸೇಡಂ, ರಾಯಚೂರಿನ ಕಡೆಯಿಂದ ಈಚೆಗೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಚಾರಕ್ಕೆ. ಊರು ಬಿಟ್ಟು ಹೋದವರ ಮನೆ, ಪ್ಲಾಟು, ಗೋದಾಮು ನೋಡಿಕೊಳ್ಳುವ ಆಫೀಸು ತೆರೆಯಬೇಕು ಅಂತಿದ್ದೇವೆ, ಯಾವ ಸಾಫ್ಟ್‌ವೇರ್ ತಗೊಳ್ಳೋಣ, ಕ್ಯಾಮೆರಾ ಯಾವುದು, ಸೆನ್ಸರ್ ಯಾವುದು ಎಂದು ಹುಡುಗರು ಕೇಳುತ್ತಾರೆ. ಹೆಸರು ಹೇಳುವ ಮೊದಲು ನಾನು ನಾರಾಯಣಪೇಟೆಯ ಒಂದು ಮನೆ, ಗದ್ವಾಲಿನ ಒಂದು ಗೋದಾಮು, ಮಕ್ತಲಿನ ಒಂದು ಪ್ಲಾಟಿನ ಮಾತು ತೆಗೆಯುತ್ತೇನೆ. ಫೋನಿನಲ್ಲಿ ಅದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ಮೂರೂ ಕಡೆ ಕೆಲಸ ಕೆಡಿಸಿದವನು ನಾನು, ನಷ್ಟ ಉಂಡವರು ಬೇರೆಯವರು.

ಹೈದರಾಬಾದಿನಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳ ನಿರ್ವಹಣೆ ಮಾಡುವ ಕಂಪನಿಯೊಂದರಲ್ಲಿ ನಾನು ಕೆಲಸ ಕಲಿತೆ. ಲಿಫ್ಟು, ಜನರೇಟರು, ನೀರಿನ ಸಂಪು, ಗೇಟು ಎಲ್ಲವೂ ಅಲ್ಲಿ ಒಂದೇ ಪರದೆಯ ಮೇಲೆ ಕಾಣುತ್ತಿದ್ದವು. ಸಂಪಿನಲ್ಲಿ ನೀರು ಇಳಿದರೆ ಫೋನಿಗೆ ಸಂದೇಶ ಬರುತ್ತಿತ್ತು, ಲಿಫ್ಟಿನ ಸರ್ವೀಸು ತಪ್ಪಿದರೆ ಯಾರ ಹೆಸರಿನಲ್ಲಿ ತಪ್ಪಿತು ಎಂಬುದು ಗೊತ್ತಾಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಸುಳ್ಳು ಇರಲಿಲ್ಲ. ಇವತ್ತಿಗೂ ನನಗೆ ಅದರ ಮೇಲೆ ಗೌರವ ಇದೆ. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ಕಲೆಕ್ಟರ್ ಕಚೇರಿ ಬಂದರೆ ಜಾಗದ ದರ ಏರುತ್ತದೆ, ದರ ಏರಿದರೆ ಹೊರಗಿರುವವರಿಗೆ ತಮ್ಮ ಆಸ್ತಿಯ ಚಿಂತೆ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿ ಊರಿಗೆ ಬಂದೆ.

ನಮ್ಮ ಸೀಮೆಯಿಂದ ಹೊರಗೆ ಹೋದವರೆಂದರೆ ಲೆಕ್ಕವಿಲ್ಲ. ದೇಶದಲ್ಲಿ ಎಲ್ಲಿ ಅಣೆಕಟ್ಟು ಏಳುತ್ತಿದ್ದರೂ ಅಲ್ಲಿ ‘ಪಾಲಮೂರು ಲೇಬರ್’ ಇರುತ್ತಿದ್ದರು. ಪಾಲಮೂರು ಎಂದರೆ ಮಹಬೂಬ್‌ನಗರ. ಮಕ್ತಲ್, ನಾರಾಯಣಪೇಟೆ, ಕೊಡಂಗಲ್ ಎಲ್ಲ ಅದರೊಳಗೇ ಇದ್ದವು. ಮುಂಬಯಿ, ಪುಣೆ, ಬೆಂಗಳೂರಿನಲ್ಲಿ ದುಡಿದು ಊರಿಗೆ ಕಳಿಸಿದ ದುಡ್ಡಿನಲ್ಲಿ ಉಳಿದದ್ದು ಒಂದು ತುಂಡು ಜಾಗವಾಗಿ ನಿಂತಿರುತ್ತದೆ. ಮೊದಲು ಇಂಥ ಆಸ್ತಿಗಳನ್ನು ನನ್ನ ಸೋದರಮಾವ ನೋಡಿಕೊಳ್ಳುತ್ತಿದ್ದರು. ಆಫೀಸಿಲ್ಲ, ಬೋರ್ಡಿಲ್ಲ. ಅವರ ಜೊತೆ ಒಬ್ಬ ಹಿರಿಯರು ಇದ್ದರು, ಹಿಂದೆ ಊರಿನ ಸೇತ್ಸಿಂಧಿಯಾಗಿ ಕಂದಾಯದವರ ಚಾಕರಿ ಮಾಡಿದವರು, ಸರ್ವೆಯವರು ಬಂದಾಗ ಸರಪಳಿ ಹಿಡಿದವರು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತೇವೆ. ಮಾವನ ಕಾಲ ಮುಗಿದ ಮೇಲೆ ಕಾಕಾ ನನ್ನ ಹತ್ತಿರ ಕೆಲಸಕ್ಕೆ ಬಂದರು. ದಿನಾ ಸೈಕಲ್ಲಿನಲ್ಲಿ ಒಂದು ಸುತ್ತು ಹಾಕಿ, ಸಂಜೆ ಬಂದು ಕೂತು, ಯಾರ ಗೋಡೆ ಬಿರುಕು ಬಿಟ್ಟಿದೆ, ಯಾರ ಮನೆಗೆ ಹೊಸಬರು ಬಂದಿದ್ದಾರೆ ಎಂದು ಹೇಳುತ್ತಿದ್ದರು. ಅವರು ಬರೆಯುತ್ತಿರಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ.

ಸಾಫ್ಟ್‌ವೇರಿಗೆ ವರ್ಷದ ಚಂದಾ ಕಟ್ಟಿದ ಮೇಲೆ ಕಾಕಾನ ಸಂಬಳ ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟಂತೆ ಕಂಡಿತು. ಮೊಬೈಲ್ ಹಿಡಿಯಬಲ್ಲ ಒಬ್ಬ ಹುಡುಗನನ್ನು ಇಟ್ಟುಕೊಂಡು ಅವರನ್ನು ಬಿಡಿಸಿದೆ. ಮರ್ಯಾದೆಯಿಂದಲೇ ಬಿಡಿಸಿದೆ, ಶಾಲು ಹೊದಿಸಿದೆ. ಆದರೂ ಬಿಡಿಸಿದ್ದು ಬಿಡಿಸಿದ್ದೇ.

ನಾರಾಯಣಪೇಟೆಯದು ಚಿಕ್ಕ ಕಥೆ. ಹಳೆಯ ಪೇಟೆಯ ಓಣಿಯೊಂದರಲ್ಲಿ ಹೈದರಾಬಾದಿನವರೊಬ್ಬರ ಕಲ್ಲಿನ ಮನೆ ಇತ್ತು. ಅದರ ಪಡಸಾಲೆಯಲ್ಲಿ ಕುಣಿಮಗ್ಗ ಹೂಡಿಕೊಂಡು ನೇಕಾರರ ಒಂದು ಕುಟುಂಬ ಬಾಡಿಗೆಗೆ ಇತ್ತು. ನಾರಾಯಣಪೇಟೆ ಸೀರೆಯ ಪದ್ಧತಿಯಲ್ಲಿ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಅದರಲ್ಲಿ ಎಂಟು ಸೀರೆ ಇಳಿಯುತ್ತವೆ. ಎಂಟೂ ಇಳಿದು ಸಾವುಕಾರರ ಕೈ ಸೇರಿದಾಗ ಮನೆಗೆ ದುಡ್ಡು. ಅದು ತಿಂಗಳಿಗೆ ಸರಿಯಾಗಿ ಮುಗಿಯುವ ಲೆಕ್ಕ ಅಲ್ಲ. ಹಬ್ಬದ ಮುಂದೆ ಬೇಗ ಮುಗಿಯುತ್ತದೆ, ಮಳೆಗಾಲದಲ್ಲಿ ಕುಣಿಯೊಳಗೆ ತೇವ ಬಂದರೆ ವಾರಗಟ್ಟಲೆ ನಿಲ್ಲುತ್ತದೆ. ಕಾಕಾ ಹಾಸು ಇಳಿದ ದಿನ ನೋಡಿ ಹೋಗಿ ಬಾಡಿಗೆ ತರುತ್ತಿದ್ದರು. ವರ್ಷದ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ ಬಿದ್ದದ್ದಿಲ್ಲ.

ನಾನು ಪ್ರತಿ ತಿಂಗಳ 5ನೇ ತಾರೀಖನ್ನು ಗಡುವಾಗಿ ಇಟ್ಟೆ. ಆ ದಿನ ದಾಟಿದರೆ ಸಂದೇಶ, ಆಮೇಲೆ ದಂಡ, ಮೂರು ಸಲ ತಪ್ಪಿದರೆ ನೋಟೀಸು. ಎಲ್ಲವೂ ತಾನಾಗಿಯೇ ಹೋಗುತ್ತಿತ್ತು. ನೋಟೀಸಿನ ನಕಲು ಮನೆಯ ಒಡೆಯರಿಗೂ ಹೋಗುತ್ತಿತ್ತು. ಅಲ್ಲಿಯವರೆಗೆ ಆ ಒಡೆಯರು ನೇಕಾರರ ಬಗ್ಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ವರದಿಯಲ್ಲಿ ‘ಬಾಕಿದಾರ’ ಎಂದು ಕೆಂಪು ಅಕ್ಷರ ಕಂಡ ಮೇಲೆ ಖಾಲಿ ಮಾಡಿಸಿ ಅಂದರು. ಖಾಲಿ ಮಾಡಿಸಿದೆ. ಮಗ್ಗದ ಮನೆಯವರು ಎದ್ದು ಹೋಗುವುದು ಗಂಟುಮೂಟೆ ಕಟ್ಟಿಕೊಂಡು ಹೋದಂತೆ ಅಲ್ಲ. ಹೊಸ ಮನೆಯಲ್ಲಿ ಕುಣಿ ತೋಡಲು ಒಪ್ಪುವ ಮಾಲೀಕರು ಸಿಗಬೇಕು. ಅವರಿಗೆ ಸಿಗಲಿಲ್ಲ. ಆ ಮನುಷ್ಯ ಈಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಮಗ್ಗ ಬಿಚ್ಚಿದವರು ಮತ್ತೆ ಹೂಡಲಿಲ್ಲ. ಬಜಾರಿನಲ್ಲಿ ಎದುರಾದಾಗ ನಮಸ್ಕಾರ ಮಾಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗದ್ವಾಲಿನ ಗೋದಾಮು ಇದಕ್ಕಿಂತ ದೊಡ್ಡ ತಪ್ಪು. ಕೃಷ್ಣೆ ತುಂಗಭದ್ರೆಯರ ನಡುವಿನ ಆ ನೆಲವನ್ನು ಅಲ್ಲಿಯವರು ನಡಿಗಡ್ಡ ಅನ್ನುತ್ತಾರೆ. ಗದ್ವಾಲ್, ಆಲಂಪುರ ತಾಲೂಕುಗಳು 1956ರ ರಾಜ್ಯ ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಹೊರಗಿನವರಿಗೆ ಗದ್ವಾಲ್ ಎಂದರೆ ಜರಿಯಂಚಿನ ಸೀರೆ. ಒಳಗಿನವರಿಗೆ ಅದು ಹತ್ತಿಬೀಜದ ಊರು. ಬೇರೆ ಕಡೆ ರೈತರು ಹತ್ತಿ ಬೆಳೆದರೆ ಇಲ್ಲಿಯವರು ಆ ಹತ್ತಿಯನ್ನು ಬಿತ್ತಲು ಬೇಕಾದ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಮಳೆಗಾಲದಲ್ಲಿ ಕ್ರಾಸಿಂಗ್ ಶುರುವಾದರೆ ಸಂಜೆ ಹೆಣ್ಣುಗಿಡದ ಮೊಗ್ಗು ಬಿಡಿಸಿ ಒಳಗಿನ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡುಗಿಡದ ಹೂವು ತಂದು ಒರೆಸಬೇಕು. ಒಂದೊಂದು ಹೂವಿಗೂ ಒಂದೊಂದು ಸಲ ಬೆರಳು ತಾಗಬೇಕು. ಅದಕ್ಕೆ ಬೇಕಾದ ಕೂಲಿ ದುಡ್ಡನ್ನು ಬೀಜ ಕಂಪನಿಗೂ ರೈತರಿಗೂ ನಡುವೆ ನಿಂತ ಆರ್ಗನೈಸರುಗಳು ಬಡ್ಡಿಗೆ ಮುಂಗಡ ಕೊಡುತ್ತಾರೆ. ಜಿನ್ನಿಂಗ್ ಆಗಿ ಬೀಜ ಚೀಲ ಸೇರಿದ ಮೇಲೂ ರೈತನಿಗೆ ಪೂರ್ತಿ ದುಡ್ಡು ಬರುವುದಿಲ್ಲ. ಮಾದರಿ ತೆಗೆದು, ಬಿತ್ತಿ, ತಳಿಯ ಶುದ್ಧತೆ ನೋಡುತ್ತಾರೆ, ಮೊಳಕೆ ನೋಡುತ್ತಾರೆ. ಪಾಸಾದರೆ ಬೀಜದ ದರ. ‘ಫೇಲ್’ ಎಂಬ ಮಾತು ಬಂದರೆ ಹತ್ತಿಕಾಳಿನ ದರ, ಸಾಲ ಹಾಗೇ ಉಳಿಯುತ್ತದೆ.

ಅಂಥ ಬೀಜದ ಚೀಲಗಳನ್ನು ಇಡುವ ಗೋದಾಮಿನ ಮೇಲ್ವಿಚಾರಣೆ ನನ್ನ ಕೈಗೆ ಬಂದಿತ್ತು. ಹತ್ತಿಬೀಜದಲ್ಲಿ ತೇವಾಂಶ 100ಕ್ಕೆ 10 ದಾಟಬಾರದು. ದಾಟಿ, ಜೊತೆಗೆ ಬಿಸಿಯೂ ಸೇರಿದರೆ ಬೀಜ ಒಳಗೇ ಸಾಯುತ್ತದೆ. ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಗಾಳಿಯ ತೇವ ಮತ್ತು ಬಿಸಿ ಅಳೆಯುವ ಸೆನ್ಸರ್ ಹಾಕಿಸಿದೆ. ಹಾಕಿಸಿದ್ದು ತಪ್ಪಲ್ಲ. ಹಾಕಿಸಿದ ಜಾಗ ತಪ್ಪು. ಕರೆಂಟಿನ ಪ್ಲಗ್ಗು, ಇಂಟರ್ನೆಟ್ಟಿನ ಡಬ್ಬಿ ಎರಡೂ ಬಾಗಿಲ ಪಕ್ಕದ ಗೋಡೆಗೆ ಇದ್ದವು, ಸೆನ್ಸರೂ ಅಲ್ಲೇ ಕೂತಿತು. ಇಡೀ ಗೋದಾಮಿನಲ್ಲಿ ಗಾಳಿ ಚೆನ್ನಾಗಿ ಆಡುವ ಜಾಗ ಅದೊಂದೇ. ಲಾರಿ ಬಂದು ಬಾಗಿಲು ತೆರೆದಾಗಲೆಲ್ಲ ಅಂಕಿ ಏರಿ ಫೋನು ಕೂಗುತ್ತಿತ್ತು. ರಾತ್ರಿ ಕೂಡ. ಬೇಸತ್ತು ಎಚ್ಚರಿಕೆಯ ಮಿತಿಯನ್ನು ನಾನೇ ಮೇಲಕ್ಕೆ ಸರಿಸಿದೆ. ಅಲ್ಲಿಗೆ ಆ ಯಂತ್ರಕ್ಕೆ ಹೇಳಲು ಏನೂ ಉಳಿಯಲಿಲ್ಲ.

ಬೇಸಿಗೆಯ ನಡುವೆ ಅಕಾಲ ಮಳೆ, ಜೊತೆಗೆ ಗಾಳಿ. ಬಾಗಿಲಿಗೆ ಎದುರು ಮೂಲೆಯಲ್ಲಿ ಸಿಮೆಂಟ್ ಶೀಟು ಸರಿದು ನೀರು ಇಳಿಯಿತು. ಅದನ್ನು ಮೊದಲು ನೋಡಿದವರು ಹಮಾಲರು. ಮೂಲೆಯ ಥಪ್ಪಿಯ ಕೆಳಗಿನ ಚೀಲ ಮುಟ್ಟಿದರೆ ಬೆಚ್ಚಗಿದೆ ಎಂದು ಅವರಲ್ಲೊಬ್ಬರು ನಮ್ಮ ಹುಡುಗನಿಗೆ ಹೇಳಿದರು. ಹುಡುಗ ಮೊಬೈಲ್ ತೆಗೆದು ನೋಡಿ, ಆ್ಯಪ್‌ನಲ್ಲಿ ಏನೂ ಬಂದಿಲ್ಲ ಅಂದ. ಅವನ ತಪ್ಪೇನೂ ಇಲ್ಲ. ಪರದೆಯನ್ನು ನಂಬು, ಜನ ಏನೇನೋ ಹೇಳುತ್ತಾರೆ ಎಂದು ಕಲಿಸಿದವನು ನಾನು. ಆಮೇಲೆ ಥಪ್ಪಿ ಬಿಚ್ಚಿದಾಗ ತಡವಾಗಿತ್ತು. ಒಳಗಿನ ಚೀಲಗಳಿಂದ ಹುಳಿ ವಾಸನೆ ಬರುತ್ತಿತ್ತು. ಕೆಲವು ರೈತರ ಬೀಜ ಮೊಳಕೆಯ ಪರೀಕ್ಷೆಯಲ್ಲಿ ಬಿತ್ತು. ಅವರ ಶುದ್ಧತೆಯ ಪರೀಕ್ಷೆ ಚೆನ್ನಾಗಿಯೇ ಬಂದಿತ್ತು. ಅಂದರೆ ಹೊಲದಲ್ಲಿ ಅವರು ಮಾಡಿದ ಕೆಲಸದಲ್ಲಿ ಕೊರತೆ ಇರಲಿಲ್ಲ.

ಆ ತಿಂಗಳ ವರದಿಯನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಸರಾಸರಿ ತೇವಾಂಶ ಮಿತಿಯೊಳಗೆ, ಉಷ್ಣತೆ ಮಿತಿಯೊಳಗೆ, ಕೆಳಗೆ ಅಂದವಾದ ನೀಲಿ ಗೆರೆ. ನಷ್ಟದ ಒಂದು ಪಾಲು ನಾನು, ಒಂದು ಪಾಲು ಗೋದಾಮಿನ ಒಡೆಯರು ಕೊಟ್ಟೆವು. ಮುಂಗಡದ ಬಡ್ಡಿಗೆ ಅದು ಸಾಲಲಿಲ್ಲ. ಗಟ್ಟು ಕಡೆಯ ಒಬ್ಬ ರೈತರು ಮರುವರ್ಷ ಬೀಜದ ಹತ್ತಿ ಬಿಟ್ಟು ಮೆಣಸಿನಕಾಯಿ ಹಾಕಿದರು. ಅವರ ಹೆಂಡತಿ ನನ್ನನ್ನು ಕೇಳಿದ ಮಾತು ಒಂದೇ: “ನಿಮ್ಮ ಮಿಷನ್ನು ಬಾಗಿಲ್ದಾಗ ಕುಂತಿತ್ತು, ಒಳಗ ಯಾರ್ ಇದ್ರು?”

ಮಕ್ತಲಿನ ಪ್ಲಾಟಿನ ವಿಚಾರಕ್ಕೆ ಬರಬೇಕಾದರೆ ತೆಲಂಗಾಣದ ಭೂದಾಖಲೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಕರ್ನಾಟಕದಲ್ಲಿ ಪಹಣಿ ಕೈಗೆ ತಗೊಂಡರೆ 9ನೇ ಕಾಲಂನಲ್ಲಿ ಖಾತೆದಾರ, 11ರಲ್ಲಿ ಋಣ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ ಇರುತ್ತವೆ. ನಮ್ಮಲ್ಲಿ ನಿಜಾಮರ ಕಾಲದ ಸೇತ್ವಾರ್, ಆಮೇಲೆ 1954-55ರ ಖಾಸ್ರಾ ಪಹಣಿ, ಇವೇ ಬುನಾದಿ. ನಮ್ಮ ಪಹಣಿಯಲ್ಲೂ ಪಟ್ಟಾದಾರನ ಜೊತೆಗೆ ಅನುಭವದಾರನಿಗೆ ಒಂದು ಕಾಲಂ ಇತ್ತು. ಜಾಗ ಯಾರ ಹೆಸರಿನಲ್ಲಿದೆ ಎಂಬುದು ಒಂದು, ಅದರ ಮೇಲೆ ಯಾರು ನಿಂತಿದ್ದಾರೆ ಎಂಬುದು ಇನ್ನೊಂದು. ಎರಡೂ ಬರೆಯುತ್ತಿದ್ದರು.

2017ರ ಸೆಪ್ಟೆಂಬರಿನಲ್ಲಿ ಸರ್ಕಾರ ಎಲ್ಲ ಊರುಗಳ ಭೂದಾಖಲೆ ಶುದ್ಧೀಕರಣಕ್ಕೆ ಇಳಿಯಿತು. ತಕರಾರಿಲ್ಲದವು ಭಾಗ ‘ಎ’, ತಕರಾರಿನವು ಭಾಗ ‘ಬಿ’. ‘ಎ’ದಲ್ಲಿ ಬಂದವರಿಗೆ ಹೊಸ ಪಟ್ಟಾದಾರ್ ಪಾಸ್‌ಬುಕ್ಕು. 2018ರ ಮೇ ತಿಂಗಳಿಂದ ಪಾಸ್‌ಬುಕ್ಕಿದ್ದವರಿಗೆ ಎಕರೆಗೆ, ಒಂದು ಬೆಳೆಗೆ 4,000 ರೂಪಾಯಿಯಂತೆ ರೈತಬಂಧು ದುಡ್ಡು. 2020ರ ಸೆಪ್ಟೆಂಬರಿನಲ್ಲಿ ಗ್ರಾಮ ಕಂದಾಯ ಅಧಿಕಾರಿಗಳ ಹುದ್ದೆಯನ್ನೇ ರದ್ದು ಮಾಡಿದರು, ಅಕ್ಟೋಬರ್ 29ರಂದು ಧರಣಿ ಪೋರ್ಟಲ್ ಶುರುವಾಯಿತು. ಅದರ ಪರದೆಯಲ್ಲಿ ಅನುಭವದಾರರ ಕಾಲಂ ಇರಲಿಲ್ಲ.

ಧರಣಿಯಿಂದ ಒಳ್ಳೆಯದೇ ಆಗಲಿಲ್ಲ ಎಂದು ನಾನು ಹೇಳಲಾರೆ. ಸ್ಲಾಟ್ ಬುಕ್ ಮಾಡಿ ತಹಸೀಲ್ದಾರ್ ಕಚೇರಿಗೆ ಹೋದರೆ ಹೊಲದ ರಿಜಿಸ್ಟ್ರೇಷನ್, ಹೆಸರು ಬದಲಾವಣೆ ಎರಡೂ ಒಂದೇ ಕೂತಲ್ಲಿ ಮುಗಿಯುತ್ತಿದ್ದವು. ಮ್ಯುಟೇಶನ್ನಿಗಾಗಿ ವರ್ಷಗಟ್ಟಲೆ ಅಲೆದವರಿಗೆ ಅದು ಸಣ್ಣ ಮಾತಲ್ಲ. ಆದರೆ ದಾಖಲೆ ಮೊದಲೇ ತಪ್ಪಾಗಿದ್ದರೆ ಆ ತಪ್ಪು ಕೂಡ ಅಷ್ಟೇ ಬೇಗ ಮುಗಿಯುತ್ತಿತ್ತು.

ನನ್ನ ಗ್ರಾಹಕರು ಪುಣೆಯಲ್ಲಿ ಸೆಂಟ್ರಿಂಗ್ ಮೇಸ್ತ್ರಿ. 167ನೇ ರಾಷ್ಟ್ರೀಯ ಹೆದ್ದಾರಿಯಿಂದ ತುಸು ಒಳಗೆ 150 ಗಜದ ಪ್ಲಾಟು ಕೊಂಡಿದ್ದರು. 121 ಗಜಕ್ಕೆ ಒಂದು ಗುಂಟೆ. ಅಲ್ಲಿಗೆ ಒಂದೂಕಾಲು ಗುಂಟೆ ಅನ್ನಿ. ಹೊಲವನ್ನು ಕೃಷಿಯೇತರಕ್ಕೆ ಬದಲಿಸದೆ, ನಗರ ಯೋಜನೆಯವರ ಒಪ್ಪಿಗೆ ಇಲ್ಲದೆ ಕಲ್ಲು ನೆಟ್ಟು ಮಾರಿದ ಲೇಔಟ್ ಅದು. ನಮ್ಮಲ್ಲಿ ಅಂಥವು ಊರೂರಿಗೂ ಇವೆ, ಕರ್ನಾಟಕದಲ್ಲಿ ರೆವೆನ್ಯೂ ಸೈಟು ಅನ್ನುವುದೂ ಇದನ್ನೇ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗಜದ ಲೆಕ್ಕದಲ್ಲಿ ಅವರ ಹೆಸರಿಗೆ ಕ್ರಯಪತ್ರ ಆಗಿತ್ತು. 2020ರಲ್ಲಿ ಲೇಔಟ್ ಸಕ್ರಮ ಯೋಜನೆ ಬಂದಾಗ 1,000 ರೂಪಾಯಿ ಕಟ್ಟಿ ಅರ್ಜಿಯನ್ನೂ ಹಾಕಿದ್ದರು. ಕ್ರಯಪತ್ರ, ಅರ್ಜಿಯ ರಸೀದಿ, ಋಣಭಾರ ಪತ್ರ ಅಂದರೆ ಇ.ಸಿ., ಎಲ್ಲವನ್ನೂ ಸ್ಕ್ಯಾನ್ ಮಾಡಿ ಏರಿಸಿದೆ. ಪ್ಲಾಟಿನ ಹೆಸರಿನ ಮುಂದೆ ಹಸಿರು ಗುರುತು ಬಿತ್ತು.

ಕಾಕಾ ಇನ್ನೂ ನನ್ನ ಹತ್ತಿರ ಇದ್ದ ಕಾಲ ಅದು. ಒಂದು ಸಂಜೆ ಹೇಳಿದರು: “ತಮ್ಮಾ, ಆ ನಂಬರಿಗಿ ಇನ್ನಾ ರೈತಬಂಧು ರೊಕ್ಕ ಬರ್ಲಿಕತ್ಯಾವ. ಹಳೇ ಹೊಲದಾರ ಮನಿಗೆ. ಒಂದಿಷ್ಟು ನೋಡು.” ಕಾಗದ ಎಲ್ಲಾ ಸರಿಯಾಗಿವೆ ಕಾಕಾ ಅಂದೆ. ಕಾಗದದ ಮಾತಲ್ಲ ಅಂದರು. ಆ ಮಾತಿನೊಳಗೆ ಇದ್ದದ್ದನ್ನು ನಾನು ಒಂದು ನಿಮಿಷ ಯೋಚಿಸಿದ್ದರೂ ಸಾಕಿತ್ತು. ಪ್ಲಾಟುಗಳಾಗಿ ಮಾರಿಹೋದ ನೆಲಕ್ಕೆ ಬೆಳೆಯ ಸಹಾಯಧನ ಬರುತ್ತಿದೆ ಎಂದರೆ ಸರ್ಕಾರದ ಪುಸ್ತಕದಲ್ಲಿ ಅದು ಇನ್ನೂ ಹೊಲ, ಹಳೆಯ ಒಡೆಯರ ಹೆಸರಿನಲ್ಲೇ ಇರುವ ಹೊಲ. ನಮ್ಮ ಸಾಫ್ಟ್‌ವೇರಿನಲ್ಲಿ ಕಾಗದ ಏರಿಸಲು ಜಾಗವಿತ್ತು, ಫೋಟೋ ಏರಿಸಲು ಜಾಗವಿತ್ತು. ಒಬ್ಬರು ಓಡಾಡಿ ತಿಳಿದದ್ದನ್ನು ಇಡಲು ಜಾಗ ಇರಲಿಲ್ಲ. ನಾನು ಅದನ್ನು ಎಲ್ಲೂ ಇಡಲಿಲ್ಲ.

2022ರಲ್ಲಿ ಹಳೆಯ ಪಟ್ಟಾದಾರರ ವಾರಸುದಾರರು ಪಾಸ್‌ಬುಕ್ಕಿನಲ್ಲಿದ್ದ ಅಷ್ಟೂ ಎಕರೆಯನ್ನು ಹೊರಗಿನವರಿಗೆ ಹೊಲವೆಂದೇ ಮಾರಿದರು. ಧರಣಿಯಲ್ಲಿ ಅವರ ಹೆಸರು, ಅವರ ಸ್ಲಾಟು, ಅವರ ಹೆಬ್ಬೆಟ್ಟು. ಹೆಸರು ಅಲ್ಲೇ ಬದಲಾಯಿತು. ನಾನು ಆರು ತಿಂಗಳಿಗೊಮ್ಮೆ ತಪ್ಪದೆ ಇ.ಸಿ. ತೆಗೆಯುತ್ತಿದ್ದೆ. ಅದು ಸ್ವಚ್ಛವಾಗಿಯೇ ಬಂತು. ಪ್ಲಾಟಿನ ಇ.ಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕದ್ದು, ಗಜದ ಲೆಕ್ಕದ್ದು. ಮಾರಾಟ ಆದದ್ದು ತಹಸೀಲ್ದಾರ್ ಕಚೇರಿಯಲ್ಲಿ, ಎಕರೆ ಗುಂಟೆಯ ಲೆಕ್ಕದಲ್ಲಿ. ಒಂದೇ ನೆಲಕ್ಕೆ ಎರಡು ಪುಸ್ತಕ, ಒಂದು ಇನ್ನೊಂದನ್ನು ನೋಡುವುದಿಲ್ಲ. ಹೀಗಾಗಬಹುದು ಎಂಬುದು ಈ ದಂಧೆಯಲ್ಲಿರುವವನಿಗೆ ಗೊತ್ತಿರಬೇಕಿತ್ತು. ಕಾಕಾಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಅವರು ಮನೆಯಲ್ಲಿದ್ದರು.

ಫೋಟೋದ ಮಾತು ಬರೆಯಲು ನನಗೆ ಹೆಚ್ಚು ಕಷ್ಟವಾಗುತ್ತದೆ. ಪ್ರತಿ ತಿಂಗಳು ಹುಡುಗ ಪ್ಲಾಟಿಗೆ ಹೋಗಿ ಫೋಟೋ ತೆಗೆದು ಏರಿಸಬೇಕು, ಅವನು ನಿಂತ ಜಾಗ ಸರಿಯಿದೆಯೇ ಎಂದು ಉಪಗ್ರಹದ ಲೆಕ್ಕದಿಂದ ಸಾಫ್ಟ್‌ವೇರ್ ನೋಡುತ್ತದೆ. ಜಾಗ ಸರಿಯಿದ್ದರೆ ಭೇಟಿ ಆಯಿತು ಎಂದು ತಾನೇ ಗುರುತು ಹಾಕಿ, ಫೋಟೋವನ್ನು ಪುಣೆಗೆ ಕಳಿಸುತ್ತದೆ. ಹೊಲವೆಂದು ಕೊಂಡ ಹೊರಗಿನವರು ಸುತ್ತ ಕಲ್ಲಿನ ಕಂಬ ನೆಟ್ಟು ತಂತಿ ಎಳೆದ ತಿಂಗಳೂ ಹುಡುಗ ಹೋಗಿದ್ದ. ದಾರಿಯ ಬದಿಯಲ್ಲಿ ಎಂದಿನ ಜಾಗದಲ್ಲೇ ನಿಂತು ತೆಗೆದಿದ್ದ. ಚಿತ್ರದ ಅಂಚಿನಲ್ಲಿ ಎರಡು ಹೊಸ ಕಂಬ ಕಾಣುತ್ತವೆ. ಸಾಫ್ಟ್‌ವೇರ್ ನೋಡಿದ್ದು ಹುಡುಗ ಎಲ್ಲಿ ನಿಂತಿದ್ದ ಎಂಬುದನ್ನು, ಎದುರಿಗೆ ಏನಿತ್ತು ಎಂಬುದನ್ನಲ್ಲ. ನಾನು ಆ ಚಿತ್ರ ತೆರೆದೇ ನೋಡಿರಲಿಲ್ಲ. ತೆರೆದು ನೋಡಿದವರು ಪುಣೆಯಲ್ಲಿದ್ದ ಮೇಸ್ತ್ರಿ. ರಾತ್ರಿ ಫೋನ್ ಮಾಡಿ ಕೇಳಿದರು: “ಅಣ್ಣಾ, ನಮ್ಮ ಜಾಗಕ್ಕ ಕಂಬ ಹಾಕ್ಸೀರೇನು? ಖರ್ಚೆಷ್ಟಾತು, ಕಳಸ್ತೀನಿ.”

ಆಮೇಲಿನದು ಕಚೇರಿಗಳ ಅಲೆದಾಟ. ಪಾಸ್‌ಬುಕ್ಕಿನ ತಪ್ಪುಗಳಿಗೆ ಧರಣಿಯಲ್ಲಿ ಟಿಎಂ-33 ಅನ್ನುವ ಅರ್ಜಿ ಇತ್ತು. ನಮ್ಮದು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ರಿಜಿಸ್ಟರಾದ ಮಾರಾಟ, ಅದಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕೆಂದರು. ಊರಲ್ಲಿ ವಿಚಾರಿಸೋಣ ಎಂದರೆ ಗ್ರಾಮ ಕಂದಾಯ ಅಧಿಕಾರಿ ಎಂಬುವರೇ ಇರಲಿಲ್ಲ. ದಾವೆ ಹೂಡಿದೆವು. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ ಹೊಸ ರೈಲುಮಾರ್ಗದ ಉದ್ಘಾಟನೆಯಾಯಿತು. ಮಕ್ತಲ್ ಸುತ್ತಿನ ಜಾಗಕ್ಕೆ ಮತ್ತೆ ದರ ಬಂತು, ಎದುರು ಪಕ್ಷದವರಿಗೆ ರಾಜಿಯ ಮನಸ್ಸು ಹೋಯಿತು.

ಈ ಮೂರು ಕಡೆಯೂ ಯಂತ್ರ ಕೆಟ್ಟಿರಲಿಲ್ಲ. ಸಂದೇಶಗಳು ಹೊತ್ತಿಗೆ ಸರಿಯಾಗಿ ಹೋದವು, ಅಂಕಿ ಸರಿಯಾಗಿ ಬಂತು, ಜಾಗದ ಗುರುತು ತಪ್ಪಲಿಲ್ಲ. ಅವೆಲ್ಲ ಹೋದದ್ದು ಹೈದರಾಬಾದಿಗೆ, ಪುಣೆಗೆ, ನನಗೆ ದುಡ್ಡು ಕೊಡುವವರ ಕಡೆಗೆ. ನಾನು ಕೆಲಸ ಮಾಡುತ್ತಿದ್ದೇನೆ ಎಂದು ಅವರಿಗೆ ತೋರಿಸಲು ಆ ವ್ಯವಸ್ಥೆಯನ್ನು ಕಟ್ಟಿದ್ದೆ. ಮನೆಯೊಳಗೆ ಮಗ್ಗದ ಮುಂದೆ ಕೂತವರು, ಥಪ್ಪಿಯ ಹತ್ತಿರ ನಿಂತ ಹಮಾಲರು, ಸೈಕಲ್ ಇಳಿದು ನೆಲ ನೋಡಿದ ಕಾಕಾ, ಇವರು ಆ ಪರದೆಯಲ್ಲಿ ಎಲ್ಲಿಯೂ ಬರುವಂತಿರಲಿಲ್ಲ. ಸರ್ಕಾರ ಒಂದು ಕಾಲಂ ತೆಗೆದದ್ದಕ್ಕೆ ನಾನು ಸಭೆಗಳಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದೆ. ನನ್ನ ಆಫೀಸಿನಲ್ಲಿ ಆ ಕಾಲಂ ಮೊದಲಿನಿಂದಲೂ ಇರಲಿಲ್ಲ.

ಸಾಫ್ಟ್‌ವೇರ್ ಬಿಟ್ಟಿಲ್ಲ. ಬಿಡುವ ಮಾತೂ ಇಲ್ಲ, ದೂರದಲ್ಲಿರುವವರಿಗೆ ಲೆಕ್ಕ ಗೊತ್ತಾಗುವುದು ಒಳ್ಳೆಯದೇ. ಆದರೆ ಗದ್ವಾಲಿನ ಗೋದಾಮಿನಲ್ಲಿ ಸೆನ್ಸರುಗಳು ಈಗ ಮೂಲೆಗಳಿಗೆ ಹೋಗಿವೆ, ಥಪ್ಪಿಯ ಒಳಗೆ ಚುಚ್ಚಿ ನೋಡುವ ಕಡ್ಡಿಯೂ ಇದೆ. ಎಲ್ಲಿ ಹಾಕಬೇಕೆಂದು ಹಮಾಲರನ್ನೇ ಕೇಳಿ ಹಾಕಿಸಿದೆ. ಅವರು ಚೀಲ ಬೆಚ್ಚಗಿದೆ ಅಂದರೆ ಪರದೆ ಏನೇ ಹೇಳಲಿ, ಥಪ್ಪಿ ಬಿಚ್ಚಲೇಬೇಕು. ಬಿಚ್ಚಿದ ಕೂಲಿ ನನ್ನದು. ಬಾಡಿಗೆಯ ಗಡುವನ್ನು ಬಾಡಿಗೆದಾರರೇ ಹೇಳುತ್ತಾರೆ, ನಾನು ಅದನ್ನು ಒಳಗೆ ಬರೆಯುತ್ತೇನೆ, ನೋಟೀಸು ತಾನಾಗಿ ಹೋಗುವುದನ್ನು ನಿಲ್ಲಿಸಿದ್ದೇನೆ. ಪ್ಲಾಟಿಗೆ ಹೋದವರು ನಾಲ್ಕು ಮೂಲೆಯಿಂದಲೂ ಚಿತ್ರ ತೆಗೆದು, ಪಕ್ಕದ ಹೊಲದವರನ್ನೋ ಚಹಾದಂಗಡಿಯವರನ್ನೋ ಮಾತಾಡಿಸಿ, ಅವರು ಹೇಳಿದ್ದನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ತರಬೇಕು. ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ, ಹೇಗೆ ಹೇಳಿದರೆ ಹಾಗೆ. ಇ.ಸಿ. ಜೊತೆಗೆ ಅದೇ ಸರ್ವೆ ನಂಬರಿನ ಪಹಣಿಯನ್ನೂ ತೆಗೆದು ಎರಡನ್ನೂ ಎದುರುಬದುರು ಇಟ್ಟು ನೋಡುತ್ತೇವೆ. ಹೊಸದಾಗಿ ಆಫೀಸು ತೆರೆಯುವ ಹುಡುಗರು ಬೇರೇನು ಬಿಟ್ಟರೂ ಇದೊಂದನ್ನು ಬಿಡಬಾರದು.

ಕಾಕಾ ಮತ್ತೆ ಬರಲು ಒಪ್ಪಿದರು. ಕರೆಯಲು ಮನೆಗೆ ಹೋದಾಗ ನಾನು ಬಹಳ ಮಾತು ಕಟ್ಟಿಕೊಂಡು ಹೋಗಿದ್ದೆ, ಅವರು ಸೈಕಲ್ಲಿನ ಟ್ಯೂಬು ಹೋಗಿದೆ ಅಂದರು ಅಷ್ಟೇ. ಈಗ ಹುಡುಗನ ಬೈಕಿನಲ್ಲಿ ಹಿಂದೆ ಕೂತು ಹೋಗುತ್ತಾರೆ.

2025ರ ಏಪ್ರಿಲ್ 14ರಂದು ಧರಣಿಯ ಜಾಗಕ್ಕೆ ಭೂಭಾರತಿ ಬಂತು. ಮೊದಲು ಪ್ರಯೋಗಕ್ಕೆ ತಗೊಂಡ ನಾಲ್ಕು ಮಂಡಲಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಒಂದು. ತಹಸೀಲ್ದಾರರ ತೀರ್ಮಾನ ತಪ್ಪೆನಿಸಿದರೆ ಆರ್‌ಡಿಒ, ಕಲೆಕ್ಟರ್ ಹತ್ತಿರ ಮೇಲ್ಮನವಿಗೆ ಹೋಗುವ ದಾರಿಯನ್ನು ಹೊಸ ಕಾಯ್ದೆ ತೆರೆದಿದೆ. ಜೂನ್‌ನಲ್ಲಿ ಊರೂರಿಗೆ ಬಂದು ಅರ್ಜಿ ತಗೊಳ್ಳುವ ರೆವೆನ್ಯೂ ಸದಸ್ಸುಗಳು ನಡೆದವು, ಸೆಪ್ಟೆಂಬರಿನಲ್ಲಿ ಊರುಗಳಿಗೆ ಗ್ರಾಮ ಪಾಲನಾಧಿಕಾರಿಗಳನ್ನು ನೇಮಿಸಿದರು. ಸದಸ್ಸಿಗೆ ಮೇಸ್ತ್ರಿ ಪುಣೆಯಿಂದ ಬಂದಿದ್ದರು. ಕಾಕಾ ಸೇರಿ ನಾವು ಮೂವರೂ ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟೆವು. ದಾವೆ ಕೋರ್ಟಿನಲ್ಲಿ ಇರುವುದರಿಂದ ತೀರ್ಪು ಬರುವವರೆಗೆ ತಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ ಎಂದು ಅಧಿಕಾರಿ ನೇರವಾಗಿಯೇ ಹೇಳಿ, ರಸೀದಿ ಕೊಟ್ಟರು.

ಹೊರಗೆ ಬಂದ ಮೇಲೆ ಮೇಸ್ತ್ರಿ ಪ್ಲಾಟಿನ ಹಳೆಯ ಫೋಟೋಗಳನ್ನೆಲ್ಲ ನನ್ನಿಂದ ತಮ್ಮ ಮೊಬೈಲಿಗೆ ಹಾಕಿಸಿಕೊಂಡರು. ಕಂಬ ಹಾಕುವ ಮುಂಚಿನವು ಕೋರ್ಟಿಗೆ ಬೇಕಾಗುತ್ತವೆ ಎಂದು ವಕೀಲರು ಹೇಳಿದ್ದಾರೆ. ಅಲ್ಲಿ ನಾಲ್ಕು ಗಡಿಕಲ್ಲು ಇದ್ದವು ಎಂಬುದಕ್ಕೆ ಅವೇ ಆಧಾರ. ಆ ಕಲ್ಲು ನೆಡುವಾಗ ಸರಪಳಿ ಹಿಡಿದವರು ಯಾರು ಎಂದು ಮೇಸ್ತ್ರಿ ಕೇಳಿದರು. ಕಾಕಾ ಕೈ ಎತ್ತಿದರು. ಸಾಕ್ಷಿಗಳ ಪಟ್ಟಿಯಲ್ಲಿ ಅವರದು ಮೊದಲನೆಯ ಹೆಸರು, ನನ್ನದು ಎರಡನೆಯದು.